ಮನೆಯಲ್ಲಿ ನಾಯಿ, ಹಸು, ಕೋಳಿ ಸಾಕುವ ಮುಂಚೆ: ಕರ್ನಾಟಕದ ನಿಯಮಗಳ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಪ್ರಾಣಿ ಸಾಕಿದವರಿಗೆ ಕಾನೂನು ನೆನಪಾಗುವುದು ಪಕ್ಕದ ಮನೆಯವರು ದೂರು ಕೊಟ್ಟಾಗ. ಅಲ್ಲಿಯವರೆಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ, ಕೊಟ್ಟಿಗೆ ಅಳೆಯುವುದಿಲ್ಲ, ಲಸಿಕೆ ಪುಸ್ತಕ ತೆಗೆಸಿ ನೋಡುವುದಿಲ್ಲ. ದೂರು ಬಿದ್ದ ಮರುದಿನ ಎಲ್ಲವನ್ನೂ ಒಟ್ಟಿಗೇ ಕೇಳುತ್ತಾರೆ. ಉತ್ತರ ಕೊಡಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

"ನಮ್ಮ ಮನೆ, ನಮ್ಮ ಜಾಗ, ಕೇಳೋಕೆ ಅವರ್ಯಾರು" ಅನ್ನುವ ಮಾತು ಅರ್ಧ ಮಾತ್ರ ನಿಜ. ಸಾಕುವ ಹಕ್ಕು ನಿಮ್ಮದು. ಆದರೆ ವಾಸನೆ, ಸದ್ದು, ಸಗಣಿ ನೀರು ಕಾಂಪೌಂಡ್ ದಾಟಿದ ಕ್ಷಣದಿಂದ ಮಾತು ಬೇರೆಯೇ ಆಗುತ್ತದೆ. ನಿಮ್ಮ ಪ್ರಾಣಿ ಯಾವುದೇ ಇರಲಿ, ಕಚೇರಿಯವರು ಸುತ್ತಿಬಳಸಿ ಕೇಳುವುದು ಮೂರೇ ಪ್ರಶ್ನೆ. ಎಷ್ಟಿವೆ? ಲಾಭಕ್ಕೋ, ಮನೆಮಟ್ಟಿಗೋ? ಯಾರಿಗಾದರೂ ತೊಂದರೆ ಆಗುತ್ತಿದೆಯೋ? ಮುಂದೆ ಓದುವಾಗ ಈ ಮೂರನ್ನು ತಲೆಯಲ್ಲಿಟ್ಟುಕೊಳ್ಳಿ.

ಮೊದಲ ಹೆಜ್ಜೆ: ನಿಮ್ಮ ಮನೆ ಯಾರ ವ್ಯಾಪ್ತಿಗೆ ಬರುತ್ತದೆ?

ಇದೇನು ದೊಡ್ಡ ಪ್ರಶ್ನೆ ಅನ್ನಬೇಡಿ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕಂದಾಯ ಕಟ್ಟಿದ ಇತ್ತೀಚಿನ ರಸೀದಿ ತೆಗೆಯಿರಿ. ಅದರ ಮೇಲೆ ಯಾವ ಕಚೇರಿಯ ಹೆಸರಿದೆಯೋ ಅದೇ ನಿಮ್ಮ ಸ್ಥಳೀಯ ಸಂಸ್ಥೆ. ಗ್ರಾಮ ಪಂಚಾಯಿತಿಯಾದರೆ 1993ರ ಪಂಚಾಯತ್ ರಾಜ್ ಕಾಯ್ದೆ ನಡೆಯುತ್ತದೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂಥ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ.

ಬೆಂಗಳೂರಿನವರು ಇನ್ನೊಂದು ವಿಷಯ ಗಮನಿಸಬೇಕು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದ ಮೇಲೆ, 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಹಳೇ ಬೋರ್ಡು ನೋಡಿಕೊಂಡು ಅರ್ಜಿ ಬರೆದರೆ ಅದು ಮೇಜಿನಿಂದ ಮೇಜಿಗೆ ಓಡಾಡುತ್ತದೆ, ಅಷ್ಟೇ.

ನಗರದ ಅಂಚಿನ ಬಡಾವಣೆಗಳ ಕಥೆ ಸ್ವಲ್ಪ ಬೇರೆ. ನಿನ್ನೆಯವರೆಗೆ ಪಂಚಾಯಿತಿ, ಇವತ್ತು ಪಾಲಿಕೆ. "ಊರು ಹಳ್ಳಿಯಾಗಿದ್ದಾಗಿನಿಂದ ಹಸು ಕಟ್ಟಿದ್ದೇವೆ ಸ್ವಾಮಿ" ಎಂದರೆ ಕೇಳುವವರಿಗೆ ಮನಸ್ಸು ಕರಗಬಹುದು. ಆದರೆ ಅದು ನಿಯಮದಿಂದ ವಿನಾಯಿತಿ ಅಲ್ಲ. ವ್ಯಾಪ್ತಿ ಬದಲಾದರೆ ಹೊಸ ಸಂಸ್ಥೆಯ ನಿಯಮವೇ ಲೆಕ್ಕಕ್ಕೆ.

ವ್ಯಾಪ್ತಿ ಗೊತ್ತಾಯಿತು. ಈಗ ಆ ಸಂಸ್ಥೆಯ ಉಪವಿಧಿಗಳನ್ನು, ಅಂದರೆ ಅದು ತನ್ನ ವ್ಯಾಪ್ತಿಗೆ ಮಾಡಿಕೊಂಡ ನಿಯಮಗಳನ್ನು, ಕೇಳಬೇಕು. ಬೈಲಾ ಅಂತ ಕೇಳಿದರೂ ಅರ್ಥವಾಗುತ್ತದೆ. ಪಾಲಿಕೆಯಲ್ಲಿ ಪಶುಪಾಲನಾ ವಿಭಾಗ ಇದ್ದರೆ ಅಲ್ಲಿ, ಇಲ್ಲದಿದ್ದರೆ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಪಂಚಾಯಿತಿಯಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ. ಬಾಯಿಮಾತಿನ ಉತ್ತರ ನಂಬಿಕೊಂಡು ಕೊಟ್ಟಿಗೆ ಕಟ್ಟಬೇಡಿ. ಇವತ್ತು "ಏನೂ ಬೇಡ, ಕಟ್ಕೊಳ್ಳಿ" ಅಂದವರು ಆರು ತಿಂಗಳಲ್ಲಿ ವರ್ಗವಾಗಿ ಹೋಗಿರುತ್ತಾರೆ.

ಬರೆದು ಕೊಡುವುದಿಲ್ಲ ಎಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ನಾನು ಬರೆಯುವ ಧಾಟಿ ಹೀಗಿರುತ್ತದೆ:

"ನಮ್ಮ ವಾರ್ಡಿನ ವಾಸದ ಮನೆಗಳಲ್ಲಿ ನಾಯಿ ಹಾಗೂ ಹಸು ಸಾಕಲು ತಮ್ಮ ಸಂಸ್ಥೆಯಿಂದ ಪಡೆಯಬೇಕಾದ ಪರವಾನಗಿ, ಅದರ ಶುಲ್ಕ, ಗರಿಷ್ಠ ಸಂಖ್ಯೆ ಮತ್ತು ಕೊಟ್ಟಿಗೆಗೆ ಬಿಡಬೇಕಾದ ಅಂತರದ ಬಗ್ಗೆ ಈ ದಿನ ಜಾರಿಯಲ್ಲಿರುವ ಉಪವಿಧಿ ಹಾಗೂ ಸುತ್ತೋಲೆಗಳ ದೃಢೀಕೃತ ಪ್ರತಿ ಒದಗಿಸಿ."

"ಈ ದಿನ ಜಾರಿಯಲ್ಲಿರುವ" ಅನ್ನುವ ಮಾತು ಬಿಡಬೇಡಿ. ಯಾಕೆ ಅಂತ ನಾಯಿಯ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಎರಡನೆಯದು: ಈ ಪ್ರಾಣಿಯನ್ನು ಸಾಕಲು ಬಿಡುತ್ತಾರಾ?

ಪಾಲಿಕೆಯ ನಿಯಮಕ್ಕಿಂತ ಮುಂಚೆ ಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ನಮ್ಮ ಕಾಡಿನ, ನಮ್ಮ ತೋಟದ ಹಕ್ಕಿ-ಪ್ರಾಣಿಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಜನ ಹೆಚ್ಚು ಸಿಕ್ಕಿಬೀಳುವುದು ಹಸಿರು ಗಿಳಿಯ ವಿಷಯದಲ್ಲಿ. ಅಜ್ಜನ ಕಾಲದಿಂದ ಪಂಜರ ನೇತಾಡುತ್ತಿದೆ, ಗಿಳಿ "ಅಮ್ಮ" ಅಂತ ಕರೆಯುತ್ತದೆ. ನಿಜ, ಆದರೂ ಅದು ಅಪರಾಧವೇ. ಮೈನಾ, ಮುನಿಯಾ, ನಕ್ಷತ್ರ ಆಮೆ ಕೂಡ ಅಷ್ಟೇ. ಆಮೆ ಇದ್ದರೆ ದುಡ್ಡು ಬರುತ್ತದೆ ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ನಕ್ಷತ್ರ ಆಮೆಯಿಂದ ಬರುವುದು ಅರಣ್ಯ ಇಲಾಖೆಯ ಜೀಪು.

ಅಂಗಡಿಯಲ್ಲಿ "ಲವ್ ಬರ್ಡ್ಸ್" ಎಂದು ಮಾರುವ ಪುಟ್ಟ ಬಣ್ಣದ ಹಕ್ಕಿಗಳು ಹೆಚ್ಚಾಗಿ ಬಜರಿಗರ್. ಅದು ಆಸ್ಟ್ರೇಲಿಯಾ ಮೂಲದ್ದು. ಅದಕ್ಕೂ ಕಾಕಟೀಲ್‌ಗೂ ತಕರಾರಿಲ್ಲ. ಆದರೆ ಆಫ್ರಿಕನ್ ಗ್ರೇ, ಮಕಾವ್, ಇಗುವಾನಾ ಥರದ ವಿದೇಶಿ ಪ್ರಾಣಿಗಳಿಗೆ 2024ರಲ್ಲಿ ನೋಂದಣಿ ನಿಯಮ ಬಂದಿದೆ. ಕೇಂದ್ರ ಸರ್ಕಾರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ವಿವರ ಹಾಕಬೇಕು. ಹೊಸದಾಗಿ ತಂದರೆ 30 ದಿನದೊಳಗೆ. ಮರಿ ಆದರೂ, ಸತ್ತರೂ ತಿಳಿಸಬೇಕು. ಮಾರುವವನು ಬಿಲ್ ಕೊಡದಿದ್ದರೆ ಆ ಹಕ್ಕಿ ಎಷ್ಟೇ ಚೆನ್ನಾಗಿ ಮಾತಾಡಲಿ, ಬಿಟ್ಟುಬಿಡಿ.

ನಾಯಿ: ಲೈಸೆನ್ಸ್, ಲಸಿಕೆ, ಮತ್ತೆ ಆ ಸರಪಳಿ

ನಗರ ಸಂಸ್ಥೆಗಳಿಗೆ ಸಾಕುನಾಯಿಗೆ ಲೈಸೆನ್ಸ್ ಕೊಡುವ, ಶುಲ್ಕ ಹಾಕುವ ಅಧಿಕಾರವಿದೆ. ಎಲ್ಲ ಊರಲ್ಲೂ ಅದು ಒಂದೇ ಥರ ನಡೆಯುವುದಿಲ್ಲ. ಕೆಲವು ಕಡೆ ಆನ್‌ಲೈನ್, ಕೆಲವು ಕಡೆ ಅರ್ಜಿ ಫಾರಂ, ಇನ್ನು ಕೆಲವು ಕಡೆ ಕೇಳಿದರೆ "ಹಾಗೊಂದು ಇದೆಯಾ" ಎಂದು ನಿಮ್ಮನ್ನೇ ಕೇಳುತ್ತಾರೆ. ಇರುವ ಕಡೆ ತಗೊಳ್ಳಿ. ಇಲ್ಲದ ಕಡೆ ಇಲ್ಲ ಎಂದು ಬರೆಸಿಕೊಳ್ಳಿ.

ಸಂಖ್ಯೆಯ ಮಿತಿ ಎಷ್ಟು? ಇಲ್ಲಿಯೇ ವಾಟ್ಸ್ಆಪ್ ಜ್ಞಾನ ಜಾಸ್ತಿ. 2018ರಲ್ಲಿ ಬಿಬಿಎಂಪಿ ಒಂದು ಉಪವಿಧಿ ತಂದಿತ್ತು. ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು, ಕೆಲವೇ ತಳಿಗಳಿಗೆ ಅವಕಾಶ ಎಂದು. ಗಲಾಟೆ ಎದ್ದು ಅದನ್ನು ತಡೆಹಿಡಿದರು. ಆದರೆ ಆಗಿನ ಸುದ್ದಿಯ ತುಣುಕು ಇವತ್ತಿಗೂ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ತಳಿಯ ಕಥೆಯೂ ಇದೇ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ನಾಯಿ ಸಾಕುವುದನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುತ್ತೋಲೆ ಓದಿದವರು ಬಹಳ ಜನ, ರದ್ದಾದದ್ದು ಓದಿದವರು ಕಡಿಮೆ. "ಈ ದಿನ ಜಾರಿಯಲ್ಲಿರುವ" ನಿಯಮ ಕೇಳಿ ಅಂದದ್ದು ಇದಕ್ಕೇ.

ತಳಿಗೆ ನಿಷೇಧವಿಲ್ಲ ಎಂದರೆ ಹೊಣೆ ಇಲ್ಲ ಅಂತಲ್ಲ. ನಿಮ್ಮ ನಾಯಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಚ್ಚಿಸಿಕೊಂಡವರು ಚಿಕಿತ್ಸೆಯ ಖರ್ಚಿಗೆ ಬೇರೆಯಾಗಿ ಕೋರ್ಟಿಗೆ ಹೋಗಬಹುದು. ಗೇಟಿನ ಚಿಲಕ ಸರಿ ಇದೆಯಾ ನೋಡಿ. ಮಕ್ಕಳು ಚೆಂಡು ತೆಗೆದುಕೊಳ್ಳಲು ಕಾಂಪೌಂಡ್ ಹಾರುತ್ತಾರಾ ನೋಡಿ. "ನಾಯಿ ಇದೆ ಎಚ್ಚರಿಕೆ" ಬೋರ್ಡು ಹಾಕಿದರೆ ಸಾಕು ಅಂದುಕೊಂಡವರು ಬಹಳ. ಬೋರ್ಡು ಓದಲು ಬಾರದ ಐದು ವರ್ಷದ ಮಗುವೇ ಮೊದಲು ಬರುವುದು.

ಮೊದಲ ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ, ಆಮೇಲೆ ಡಾಕ್ಟರ್ ಹೇಳಿದ ದಿನ ಬೂಸ್ಟರ್, ಮುಂದೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಹಲವು ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಲಸಿಕೆ ಪುಸ್ತಕದಲ್ಲಿ ಡಾಕ್ಟರ್ ಸಹಿಯ ಜೊತೆ ಬಾಟಲಿಯ ಮೇಲಿನ ಸ್ಟಿಕ್ಕರ್ ಅಂಟಿಸಿದ್ದಾರಾ ನೋಡಿ. ಕಚ್ಚಿದ ಪ್ರಕರಣದಲ್ಲಿ ಎಲ್ಲರೂ ಮೊದಲು ಕೇಳುವುದು ಆ ಪುಟವನ್ನೇ.

ಇನ್ನು ಸರಪಳಿ. ನಾಯಿಯನ್ನು ಗಿಡ್ಡ ಸರಪಳಿಯಲ್ಲಿ, ಗಂಟೆಗಟ್ಟಲೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಹಿಂಸೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! 1960ರ ದರ, ಇನ್ನೂ ಹಾಗೇ ಇದೆ. ದಂಡ ನೋಡಿ ನಗಬಹುದು, ಆದರೆ ಎಫ್‌ಐಆರ್ ನಗುವ ವಿಷಯವಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ದಿನವಿಡೀ ಕಟ್ಟಿದ ನಾಯಿಯೇ ರಾತ್ರಿಯಿಡೀ ಬೊಗಳುವುದು. ಬೊಗಳುವಿಕೆಯ ಮುಕ್ಕಾಲು ದೂರು ಬೆಳಗ್ಗೆ-ಸಂಜೆ ಎರಡು ವಾಕಿಂಗ್‌ನಲ್ಲಿ ಮುಗಿಯುತ್ತದೆ ಅನ್ನುವುದು ನನ್ನ ಅನುಭವ.

ಅಪಾರ್ಟ್‌ಮೆಂಟ್ ಮತ್ತು ಬಾಡಿಗೆ ಮನೆ

ನಮ್ಮ ಲಿಫ್ಟಿನ ಕನ್ನಡಿಯ ಪಕ್ಕ ಒಂದು ದಿನ ನೋಟಿಸ್ ಅಂಟಿಸಿದ್ದರು. "ಸಾಕುಪ್ರಾಣಿಗಳಿಗೆ ಲಿಫ್ಟ್ ನಿಷೇಧ. ತಪ್ಪಿದರೆ 1,000 ರೂ. ದಂಡ. ಸರ್ವಸದಸ್ಯರ ಸಭೆಯ ನಿರ್ಣಯ." ಆರನೇ ಮಹಡಿಯಲ್ಲಿ ಹದಿಮೂರು ವರ್ಷದ ಲ್ಯಾಬ್ರಡಾರ್ ಒಂದಿತ್ತು. ಹಿಂಗಾಲು ಎಳೆದುಕೊಂಡು ನಡೆಯುತ್ತಿತ್ತು. ಅದರ ಯಜಮಾನರು ಎರಡು ದಿನ ಅದನ್ನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಮೆಟ್ಟಿಲು ಇಳಿದರು. ಮೂರನೇ ದಿನ ಒಂದು ಕಾಗದ ಪ್ರಿಂಟ್ ತೆಗೆದು ಅದೇ ನೋಟಿಸಿನ ಪಕ್ಕ ಅಂಟಿಸಿದರು.

ಅದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ. ಅದರ ಸಾರ ಇಷ್ಟು: ನಿವಾಸಿಗಳ ಸಂಘ ಬಹುಮತದಿಂದ ಕೂಡ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ. ಸಣ್ಣ ನಾಯಿ ಸರಿ, ದೊಡ್ಡದು ಬೇಡ ಎನ್ನುವಂತಿಲ್ಲ. ಬೊಗಳುತ್ತದೆ ಅನ್ನುವುದೊಂದನ್ನೇ ಕಾರಣ ಮಾಡಿ ಓಡಿಸುವಂತಿಲ್ಲ. ಲಿಫ್ಟು, ಉದ್ಯಾನ ಬಳಸಬೇಡಿ ಎನ್ನುವಂತಿಲ್ಲ, ಬೇಕಿದ್ದರೆ ಸಮಯ ಗೊತ್ತು ಮಾಡಬಹುದು. ಕಾನೂನಿನ ಬಲವಿಲ್ಲದೆ ವಿಶೇಷ ದಂಡ ಹಾಕುವಂತೆಯೂ ಇಲ್ಲ.

ಅದೇ ಮಾರ್ಗಸೂಚಿ ಸಾಕಿದವರಿಗೂ ಹೇಳುತ್ತದೆ: ಪ್ರಾಣಿಯಿಂದ ಯಾರಿಗೂ ತೊಂದರೆ ಆಗಬಾರದು, ಲಸಿಕೆ ಹಾಕಿಸಿ, ಹೊರಗೆ ಬಂದಾಗ ಲೀಶ್ ಹಾಕಿ, ನಾಯಿ ಗಲೀಜು ಮಾಡಿದರೆ ತೆಗೆಯಿರಿ. ಈ ಭಾಗಕ್ಕೆ ಬಂದರೆ ಬಹಳ ಜನ ಪುಟ ತಿರುಗಿಸುತ್ತಾರೆ. ಜೇಬಿನಲ್ಲಿ ಒಂದು ಹಳೇ ಪೇಪರ್, ಒಂದು ಕವರ್ ಇಟ್ಟುಕೊಳ್ಳದವರಿಗೆ ಹಕ್ಕಿನ ಮಾತಾಡುವ ಬಾಯಿ ಎಲ್ಲಿದೆ, ಹೇಳಿ.

ಸಂಘದ ಜೊತೆ ಮಾತಾಡುವಾಗ ಕಾನೂನಿನ ಪುಸ್ತಕ ಮೊದಲೇ ಮುಖಕ್ಕೆ ಹಿಡಿಯಬೇಡಿ. ಲಸಿಕೆ ಪುಸ್ತಕದ ಪ್ರತಿ, ಲೈಸೆನ್ಸ್ ಪ್ರತಿ, ಮಾರ್ಗಸೂಚಿ, ಮೂರನ್ನೂ ಒಂದು ಕವರಿಂಗ್ ಲೆಟರ್ ಜೊತೆ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಕೆಲವರಿಗೆ ನಾಯಿ ಕಂಡರೆ ನಿಜವಾಗಿಯೂ ಭಯ. ಅಂಥವರು ಲಿಫ್ಟಿನಲ್ಲಿದ್ದರೆ ಮುಂದಿನ ಸುತ್ತಿಗೆ ಕಾಯಿರಿ. ನಮ್ಮ ಆರನೇ ಮಹಡಿಯವರು ಹಾಗೆ ಮಾಡುತ್ತಿದ್ದರು. ನೋಟಿಸ್ ತಾನಾಗಿಯೇ ಉದುರಿಹೋಯಿತು, ಮತ್ತೆ ಯಾರೂ ಅಂಟಿಸಲಿಲ್ಲ.

ಬಾಡಿಗೆಯವರ ವಿಷಯ ಬೇರೆ. ಸಂಘ ನಿಷೇಧಿಸುವಂತಿಲ್ಲ, ಆದರೆ ಮನೆ ಮಾಲೀಕರ ಜೊತೆ ನೀವು ಸಹಿ ಹಾಕಿದ ಕರಾರಿನಲ್ಲಿ "ಸಾಕುಪ್ರಾಣಿ ಇಲ್ಲ" ಎಂದಿದ್ದರೆ ಅದು ನೀವೇ ಒಪ್ಪಿದ ಷರತ್ತು. ನವೀಕರಣದ ಹೊತ್ತಿಗೆ ಜಗಳ ಅಲ್ಲೇ ಶುರುವಾಗುವುದು. ಅಡ್ವಾನ್ಸ್ ಕೊಡುವ ಮುಂಚೆಯೇ "ನಮ್ಮಲ್ಲಿ ಒಂದು ಬೆಕ್ಕಿದೆ" ಎಂದು ಹೇಳಿ, ಕರಾರಿನಲ್ಲೇ ಒಂದು ಸಾಲು ಬರೆಸಿ.

ಬೀದಿನಾಯಿಗೆ ಅನ್ನ ಹಾಕುವವರಿಗೆ ಒಂದು ಮಾತು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಆಹಾರ ಹಾಕುವ ಜಾಗ ಗೊತ್ತು ಮಾಡುವ ಹೊಣೆಯನ್ನು ನಿವಾಸಿಗಳ ಸಂಘ ಅಥವಾ ಸ್ಥಳೀಯ ಸಂಸ್ಥೆಗೆ ಕೊಟ್ಟಿವೆ. ಮಕ್ಕಳ ಆಟದ ಜಾಗ, ಮೆಟ್ಟಿಲು, ಗೇಟಿನ ಬಾಯಿಂದ ಅದು ದೂರ ಇರಬೇಕು. ಗೊತ್ತುಪಡಿಸಿದ ಜಾಗ ಬಿಟ್ಟು ಬೀದಿಯಲ್ಲಿ ಎಲ್ಲೆಂದರಲ್ಲಿ ಹಾಕಬಾರದು ಎಂದು ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್‌ನಲ್ಲಿ ಹೇಳಿದೆ.

ಹಸು, ಎಮ್ಮೆ: ಲೆಕ್ಕ ಹಾಕದೆ ಕಟ್ಟಬೇಡಿ

ನಗರದಲ್ಲಿ ಹಸು ಕಟ್ಟುವುದು ನಾಯಿಯಷ್ಟು ಸಲೀಸಲ್ಲ. ನಿಯಮ ಹೆಚ್ಚಿದೆ ಅಂತಲ್ಲ, ಜಾಗವೇ ಇಲ್ಲ. ಸುಮ್ನೆ ಮಾತಾಡುವುದಕ್ಕಿಂತ ಒಂದು ಮೂವತ್ತು-ನಲವತ್ತು ಸೈಟಿನಲ್ಲೇ ಲೆಕ್ಕ ಹಾಕೋಣ.

ಒಂದು ಹಸುವಿಗೆ ಸೂರಿನಡಿ 3.5 ಚದರ ಮೀಟರ್, ಬಯಲು ಜಾಗ 7 ಚದರ ಮೀಟರ್ ಬೇಕು ಅನ್ನುವುದು ಪಶುಪಾಲನೆಯವರು ಒಪ್ಪುವ ಅಳತೆ. ಎಮ್ಮೆಗೆ 4 ಮತ್ತು 8. ಅಡಿ ಲೆಕ್ಕದಲ್ಲಿ ಹಸುವಿಗೆ ಸೂರು ಸುಮಾರು 38 ಚದರಡಿ, ಬಯಲು 75. ಎರಡು ಹಸು ಅಂದರೆ 226 ಚದರಡಿ ಆಯಿತು. ಸೈಟು 1,200 ಚದರಡಿ. ಮನೆ ಕಟ್ಟಿ ಉಳಿದದ್ದು ಸುತ್ತಲಿನ ಸೆಟ್‌ಬ್ಯಾಕ್ ಮಾತ್ರ. ಕಟ್ಟಡ ನಿಯಮದ ಪ್ರಕಾರ ಆ ಸೆಟ್‌ಬ್ಯಾಕ್ ಖಾಲಿ ಬಿಡಬೇಕಾದ ಜಾಗ. ಅಲ್ಲಿ ಶೀಟು ಹೊದಿಸಿ ಕೊಟ್ಟಿಗೆ ಮಾಡಿದರೆ ದೂರು ಹಸುವಿನ ಮೇಲಲ್ಲ, ಕಟ್ಟಡದ ಮೇಲೆ ಬರುತ್ತದೆ. ಅದು ಇನ್ನೂ ಕಷ್ಟ. ಖಾಲಿ ಸೈಟು ಪಕ್ಕದಲ್ಲಿದೆ ಎಂದು ಅಲ್ಲಿ ಕಟ್ಟುವವರಿದ್ದಾರೆ. ಸೈಟಿನ ಯಜಮಾನರ ಒಪ್ಪಿಗೆ ಬರಹದಲ್ಲಿ ಇಲ್ಲದಿದ್ದರೆ ಅದು ಒತ್ತುವರಿ ಆಗುತ್ತದೆ.

ಈಗ ಸಗಣಿ. ಒಂದು ಹಸು ದಿನಕ್ಕೆ 10ರಿಂದ 15 ಕಿಲೋ ಹಾಕುತ್ತದೆ. ಎರಡಕ್ಕೆ ತಿಂಗಳಿಗೆ 600ರಿಂದ 900 ಕಿಲೋ. ಹಳ್ಳಿಯಲ್ಲಿ ತಿಪ್ಪೆ ಇದೆ, ಗದ್ದೆ ಇದೆ. ಬಡಾವಣೆಯಲ್ಲಿ ಎಲ್ಲಿಗೆ ಹೋಗಬೇಕು? ಬಹಳ ಜನ ಪೈಪು ಹಿಡಿದು ಚರಂಡಿಗೆ ಬಿಡುತ್ತಾರೆ. ನಾರಿನ ಅಂಶ ಚರಂಡಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೊದಲ ಮಳೆಗೆ ನೀರು ಪಕ್ಕದ ಮನೆಯ ಅಂಗಳಕ್ಕೆ ಏರುತ್ತದೆ. ದೂರಿನ ಅರ್ಜಿಯಲ್ಲಿ "ದುರ್ವಾಸನೆ, ಸೊಳ್ಳೆ, ಚರಂಡಿ ಕಟ್ಟಿಕೊಂಡಿದೆ" ಎಂಬ ಮೂರೂ ಪದ ಒಟ್ಟಿಗೆ ಬರುವುದು ಇದಕ್ಕೇ.

ದಾರಿ ಇಲ್ಲದೇ ಇಲ್ಲ. ಒಂದು ಘನ ಮೀಟರ್‌ನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಎರಡು ಹಸುವಿನ ಸಗಣಿ ಸರಿಯಾಗಿ ಅಷ್ಟೇ. ಘಟಕದಿಂದ ಹೊರಬರುವ ಸ್ಲರಿಯನ್ನು (ತೆಳು ಗೊಬ್ಬರ) ಯಾರು ತಗೊಳ್ಳುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ: ನರ್ಸರಿ, ಊರಾಚೆಯ ತೋಟದವರು, ತಾರಸಿ ತೋಟ ಮಾಡುವವರು. ಗ್ಯಾಸ್ ಬೇಡವಾದರೆ ವಾರಕ್ಕೆರಡು ಸಲ ಗಾಡಿ ಬರುವಂತೆ ಒಪ್ಪಂದ ಮಾಡಿಕೊಳ್ಳಿ. ನೆಲ ಸಿಮೆಂಟಿನದ್ದಾಗಿರಲಿ, ಇಳಿಜಾರು ಗುಂಡಿಯ ಕಡೆಗೆ ಇರಲಿ. ಗಂಜಲ ನಿಲ್ಲದ ಕೊಟ್ಟಿಗೆಯಲ್ಲಿ ನೊಣವೂ ಅರ್ಧಕ್ಕರ್ಧ ಕಡಿಮೆ.

ಸಂಖ್ಯೆ ಮತ್ತು ಲಾಭದ ಪ್ರಶ್ನೆ ಇಲ್ಲಿ ನಿರ್ಣಾಯಕ. 1978ರ ಜಾನುವಾರು ಆವರಣ ನೋಂದಣಿ ನಿಯಮಗಳ ಪ್ರಕಾರ, ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿನಲ್ಲಿ ಲಾಭಕ್ಕಾಗಿ ಐದು ಅಥವಾ ಹೆಚ್ಚು ಜಾನುವಾರು ಇಟ್ಟುಕೊಂಡರೆ ಆ ಜಾಗವನ್ನು ನೋಂದಾಯಿಸಬೇಕು. ಹಾಲು ಮಾರುವುದು ಲಾಭವೇ. ಪಾಲಿಕೆಯವರು ಇದರ ಜೊತೆ ಉದ್ದಿಮೆ ಪರವಾನಗಿಯನ್ನೂ ಕೇಳಬಹುದು. ಹಾಲನ್ನು ಮನೆಮನೆಗೆ ಮಾರಿದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಸಹಕಾರ ಸಂಘದ ಸದಸ್ಯರಾಗಿ ಎಲ್ಲ ಹಾಲನ್ನೂ ಡೇರಿಗೇ ಹಾಕುವವರಿಗೆ ಅದರಿಂದ ವಿನಾಯಿತಿ ಇದೆ. ನಾಲ್ಕು ಹಸು ಇದ್ದು ಒಂದು ಕರು ಹುಟ್ಟಿದರೆ? ಲೆಕ್ಕ ಐದಕ್ಕೆ ತಾಗುತ್ತದೆ. ಮೂರಕ್ಕೇ ನಿಲ್ಲಿಸಿ ಅನ್ನುವುದು ನನ್ನ ಸಲಹೆ.

ಹಾಲು ಇಳಿಸಲು ಆಕ್ಸಿಟೋಸಿನ್ ಚುಚ್ಚುವವರು ಇನ್ನೂ ಇದ್ದಾರೆ. ಹಾಲು ಹೆಚ್ಚಿಸಲು ಹಾನಿಕಾರಕ ಚುಚ್ಚುಮದ್ದು ಕೊಡುವುದು 1960ರ ಕಾಯ್ದೆಯ 12ನೇ ಕಲಂ ಅಡಿ ಅಪರಾಧ. ಹಸುವಿಗೂ ಕೆಟ್ಟದ್ದು.

ಹಸು ಬೀದಿಗೆ ಬಿಡುವ ಅಭ್ಯಾಸದ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಬೆಳಗ್ಗೆ ಹಾಲು ಕರೆದು ಬಿಟ್ಟುಬಿಡುವುದು, ಸಂಜೆ ತಾನಾಗೇ ಬರುತ್ತದೆ ಅನ್ನುವುದು. ಅದು ದಿನವಿಡೀ ತಿನ್ನುವುದು ಕಸದ ಜೊತೆ ಪ್ಲಾಸ್ಟಿಕ್. 1966ರ ಕರ್ನಾಟಕ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ ಇನ್ನೂ ಇದೆ. ಬೀಡಾಡಿ ದನ ಹಿಡಿದು ದೊಡ್ಡಿಗೆ ಹಾಕಿದರೆ ದಂಡ, ಮೇವಿನ ಖರ್ಚು ಕಟ್ಟಿಯೇ ಬಿಡಿಸಿಕೊಳ್ಳಬೇಕು. ರಾತ್ರಿ ಯಾರಾದರೂ ಬೈಕಿನಲ್ಲಿ ಬಂದು ಗುದ್ದಿದರೆ ಅಸಡ್ಡೆಯ ಕಲಂ ನಿಮಗೂ ತಗಲುತ್ತದೆ.

ಹಸು ಕೊಳ್ಳುವಾಗ ಕಿವಿಯ ಹಳದಿ ಓಲೆ ನೋಡಿ. ಅದರಲ್ಲಿ 12 ಅಂಕಿಯ ಪಶು ಆಧಾರ್ ಸಂಖ್ಯೆ ಇರುತ್ತದೆ. ಮಾರಾಟದ ಚೀಟಿಯಲ್ಲಿ ಆ ಸಂಖ್ಯೆ ಬರೆಸಿ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ದನ ಸಾಗಿಸುವ ಗಾಡಿಗಳನ್ನು ದಾರಿಯಲ್ಲಿ ತಡೆಯುವುದು ಜಾಸ್ತಿಯಾಗಿದೆ. ಸಾಕುವುದಕ್ಕೆ ತರುತ್ತಿದ್ದೇವೆ ಎಂದು ತೋರಿಸಲು ಮಾರಾಟದ ಚೀಟಿ, ಪಶುವೈದ್ಯರ ಪ್ರಮಾಣಪತ್ರ, ಸಾಗಣೆಗೆ ಬೇಕಾದ ಕಾಗದ ಗಾಡಿಯಲ್ಲೇ ಇರಲಿ. ಮನೆಗೆ ಬಂದ ಮೇಲೆ ಕಾಲುಬಾಯಿ ಲಸಿಕೆ ವರ್ಷಕ್ಕೆರಡು ಸಲ, ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಕಂದುರೋಗದ ಲಸಿಕೆ. ಎರಡೂ ಸರ್ಕಾರದ ಕಾರ್ಯಕ್ರಮದಲ್ಲೇ ಬರುತ್ತವೆ. ತುರ್ತಿಗೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಕೋಳಿ, ಕುರಿ, ಹಂದಿ

ನಾಲ್ಕು ಹೇಂಟೆ ಸಾಕಿದರೆ ಯಾರೂ ಏನೂ ಅನ್ನುವುದಿಲ್ಲ. ತಕರಾರು ಹುಂಜದ್ದು. ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಹುಂಜಕ್ಕೆ ಗಡಿಯಾರ ಗೊತ್ತಿಲ್ಲ, ನಾಲ್ಕೂವರೆಗೇ ಶುರು. ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಾಗಿಲ್ಲ, ಮರಿ ಬೇಕಾದರೆ ಮಾತ್ರ ಬೇಕು. ಬಡಾವಣೆಯಲ್ಲಿದ್ದರೆ ಹುಂಜ ಬಿಡಿ.

ಗೂಡಿನಲ್ಲಿ ಒಂದು ಕೋಳಿಗೆ ಕನಿಷ್ಠ ಎರಡು ಚದರಡಿ ಲೆಕ್ಕ ಹಾಕಿ. ಕಾಳು ರಾತ್ರಿ ಹೊರಗೆ ಬಿಡಬೇಡಿ. ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಆಮೇಲೆ ದೂರು ಕೋಳಿಯದ್ದಲ್ಲ, ಹಾವಿನದ್ದು.

ಕೋಳಿ ಒಟ್ಟಿಗೇ ಸಾಯಲು ಶುರುವಾದರೆ ಮುಚ್ಚಿಡಬೇಡಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆ ಪ್ರಕಾರ ತಿಳಿಸುವುದು ಸಾಕಿದವರ ಕರ್ತವ್ಯ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಪತ್ತೆಯಾದಾಗ ಒಂದು ಕಿಲೋಮೀಟರ್ ಸುತ್ತಿನ ಕೋಳಿಗಳನ್ನು ಕೊಂದರು. ಫಾರಂ ಕೋಳಿ, ಮನೆ ಕೋಳಿ ಎಂಬ ಭೇದ ಇರಲಿಲ್ಲ. ಇನ್ನು ಕೋಳಿ ಅಂಕ. ಸಂಪ್ರದಾಯ ಅಂದರೂ ಪ್ರಾಣಿ ಹಿಂಸೆ ಕಾಯ್ದೆಯಲ್ಲಿ ಅದು ಅಪರಾಧವೇ.

ಕುರಿ, ಮೇಕೆಗೆ ಹಸುವಿನ ನಿಯಮಗಳ ಧಾಟಿಯೇ. ಹಂದಿಯ ವಿಷಯದಲ್ಲಿ ಮಾತ್ರ ಸ್ಪಷ್ಟವಾಗಿ ಹೇಳುತ್ತೇನೆ: ಸ್ಥಳೀಯ ಸಂಸ್ಥೆಯ ಬರಹದ ಅನುಮತಿ ಕೈಗೆ ಬರುವವರೆಗೆ ನಗರ ಮಿತಿಯಲ್ಲಿ ಸಾಕಬೇಡಿ.

ಒಂದು ಫೈಲು ಮಾಡಿ

ಹಳೇ ರಟ್ಟಿನ ಫೈಲು ಸಾಕು. ಕಂದಾಯ ರಸೀದಿ, ಲೈಸೆನ್ಸ್ ಅಥವಾ "ಬೇಕಿಲ್ಲ" ಎಂಬ ಉತ್ತರ, ಕೊಂಡ ಚೀಟಿ, ಲಸಿಕೆ ಪುಸ್ತಕ, ಕಿವಿ ಓಲೆಯ ಫೋಟೋ, ಸಗಣಿ ಒಯ್ಯುವವರ ಜೊತೆಗಿನ ಒಪ್ಪಂದ. ಮೂರು ತಿಂಗಳಿಗೊಮ್ಮೆ ಕೊಟ್ಟಿಗೆಯ, ಚರಂಡಿಯ ಫೋಟೋ ತಾರೀಖಿನ ಸಮೇತ ತೆಗೆದಿಡಿ. ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಮುಂದಿನ ಭಾಗ ಓದಿದ ಮೇಲೆ ಅನ್ನಿಸುವುದಿಲ್ಲ.

ನೋಟಿಸ್ ಬಂದರೆ

ಮೊದಲು ನೋಟಿಸ್ ತಿರಸ್ಕರಿಸಬೇಡಿ. ಸಹಿ ಹಾಕಿ ತಗೊಳ್ಳಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಯಾವ ಕಾಯ್ದೆಯ ಯಾವ ಕಲಂ, ಎಷ್ಟು ದಿನದ ಗಡುವು, ಏನು ಮಾಡಬೇಕು ಎಂದಿದ್ದಾರೆ, ಮೂರನ್ನೂ ಪೆನ್ಸಿಲ್‌ನಲ್ಲಿ ಗುರುತು ಮಾಡಿ. "ಪ್ರಾಣಿ ತೆಗೆಯಿರಿ" ಅನ್ನುವುದಕ್ಕೂ "ತೊಂದರೆ ಸರಿಪಡಿಸಿ" ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಕಲಂ ಬರೆಯದೆ ಸುಮ್ನೆ "ಕ್ರಮ ಕೈಗೊಳ್ಳಲಾಗುವುದು" ಎಂದಿದ್ದರೆ ಉತ್ತರದಲ್ಲೇ ಅದನ್ನು ಕೇಳಿ.

ದೂರು ಉಪವಿಭಾಗಾಧಿಕಾರಿಯ ಹತ್ತಿರ ಹೋಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಷರತ್ತಿನ ಆದೇಶ ಬರಬಹುದು. ಸಾರ್ವಜನಿಕರಿಗೆ ಉಪದ್ರವ ಇದೆ, ತೆಗೆಯಿರಿ ಇಲ್ಲವೇ ಬಂದು ಕಾರಣ ಹೇಳಿ ಎಂದು. ಅದಕ್ಕೆ ಹಾಜರಾಗಲೇಬೇಕು. ಆ ಹಂತದಲ್ಲಿ ವಕೀಲರು ಜೊತೆಗಿದ್ದರೆ ಒಳ್ಳೆಯದು.

ಇನ್ನೊಂದು ಬದಿಯೂ ಇದೆ. ಸಿಟ್ಟಿಗೆ ನಾಯಿಗೆ ವಿಷ ಹಾಕುವವರು, ಹಸುವಿನ ಮೇಲೆ ಆಸಿಡ್ ಎರಚುವವರು ಇದ್ದಾರೆ. ಪ್ರಾಣಿಯನ್ನು ಕೊಲ್ಲುವುದು, ಊನ ಮಾಡುವುದು ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲಿನ ಅಪರಾಧ. 112ಕ್ಕೆ ಕರೆ ಮಾಡಿ, ಸತ್ತ ಪ್ರಾಣಿಯನ್ನು ಹೂಳುವ ಮುಂಚೆ ಸರ್ಕಾರಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ದುಃಖದಲ್ಲಿ ಅವಸರವಾಗಿ ಹೂತುಬಿಟ್ಟರೆ ಸಾಕ್ಷಿಯೂ ಮಣ್ಣು ಪಾಲು.

ಪಾಲಿಕೆಯ ಸಾಮಾನ್ಯ ನೋಟಿಸಿಗೆ ಉತ್ತರ ಒಂದು ಪುಟ ಮೀರಬಾರದು. ಎಷ್ಟು ಪ್ರಾಣಿ ಇವೆ, ಮನೆಮಟ್ಟಿಗೋ ಮಾರಾಟಕ್ಕೋ, ದೂರಿನಲ್ಲಿ ಹೇಳಿದ ತೊಂದರೆಗೆ ಏನು ಮಾಡಿದ್ದೀರಿ. ಪಕ್ಕದ ಮನೆಯವರನ್ನು ಬಯ್ಯುವ ಸಾಲು ಒಂದೂ ಬೇಡ. ಫೈಲಿನ ಪ್ರತಿಗಳನ್ನು ಲಗತ್ತಿಸಿ. ಕೊನೆಯಲ್ಲಿ ಹೀಗೆ ಬರೆಯಿರಿ: "ಮೇಲ್ಕಂಡ ಕ್ರಮಗಳನ್ನು ಪೂರ್ಣಗೊಳಿಸಿದ್ದು, ತಾವು ಸ್ಥಳ ಪರಿಶೀಲನೆ ನಡೆಸಿ ಮಹಜರು ವರದಿಯ ಪ್ರತಿ ನೀಡಬೇಕಾಗಿ ಕೋರುತ್ತೇನೆ." ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮುದ್ರೆ ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಬನ್ನಿ. ಪರಿಶೀಲನೆಗೆ ಬರುವ ದಿನ ಬೆಳಗ್ಗೆ ಚರಂಡಿ ಇನ್ನೊಮ್ಮೆ ನೋಡಿ.